ಹದಿಮೂರು ಮೊಟ್ಟೆ ಮತ್ತು ಶರಾವತಿಯ ಪಾಠ

ಮಾತು ಕಡಿಮೆ ಇರುವವನ ಮೇಲೆ ಊರಿಗೆ ಅನುಮಾನ ಹೆಚ್ಚು. ಸಾಗರದಲ್ಲಿ ಮೇಷ್ಟ್ರಾಗಿದ್ದಾಗ ಸಂಜೆ ಹೊತ್ತು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಪುಸ್ತಕ ಓದುತ್ತಿದ್ದೆ. ಮನೆ ಬಿಟ್ಟು ಓಡಿಹೋಗಲು ರೈಲು ಕಾಯುತ್ತಿದ್ದೇನೆ ಎಂದು ಯಾರೋ ನನ್ನ ಹೆಂಡತಿಗೆ ಸುದ್ದಿ ಮುಟ್ಟಿಸಿದರು. ತೀರ್ಥಹಳ್ಳಿಗೆ ವರ್ಗವಾದ ಮೇಲೆ ಹೊಳೆದಂಡೆಯಲ್ಲಿ ಕೂತೆ. ಈಜು ಬಲ್ಲ ಇಬ್ಬರು ಸಜ್ಜನರು ನನ್ನ ಹಿಂದೆಯೇ ಬಂದು ಕೂರತೊಡಗಿದರು. ಹೀಗಿರುವಾಗ, ಅರವತ್ತರ ದಶಕದ ನಡುವೆ ಹೊಸನಗರಕ್ಕೆ ಬಂದು, ಮೊಟ್ಟೆ ಮುಟ್ಟದ ಮನೆತನದ ನಾನು ಮೊಟ್ಟೆಗೆ ಕಾವು ಕೊಡಲು ಹೊರಟ ಮೇಲೆ ಕೇಳಬೇಕೆ.

೧. ತಿನ್ನದವರ ಮನೆ

ಕೋಳಿಯಿಲ್ಲದೆ ದೀಪದ ಶಾಖದಲ್ಲೇ ಮರಿ ಮಾಡಬಹುದೆಂದು ಪತ್ರಿಕೆಯಲ್ಲಿ ಓದಿದ್ದು ನಿಜವೇ ಎಂದು ನೋಡಲು ಹಳೆಯ ಚಹಾ ಪೆಟ್ಟಿಗೆಯೊಂದನ್ನು ಕಾವುಪೆಟ್ಟಿಗೆ ಮಾಡಿದ್ದೆ. ಕೆಳಗೆ ಸೀಮೆಎಣ್ಣೆ ದೀಪ, ಅದರ ಮೇಲೆ ತಗಡು, ತಗಡಿನ ಮೇಲೆ ಹೊಟ್ಟು, ಮೂಲೆಯಲ್ಲಿ ಬಟ್ಟಲು ನೀರು. ಇಲ್ಲದ್ದು ಮೊಟ್ಟೆ ಮಾತ್ರ. ಅಂಗಡಿಗೆ ಹೋಗಿ ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ, ನಾನು ಪೆಟ್ಟಿಗೆ ಕಟ್ಟುವುದನ್ನು ನೋಡಿದ್ದ ಹಿತ್ತಲ ಬೇಲಿಯಾಚೆಯ ಹೆಂಗಸು ಬುಟ್ಟಿ ಹಿಡಿದು ಬಂದಳು. ಹಗಲು ಅಕ್ಕಿ ಗಿರಣಿಯಲ್ಲಿ ಅವಳಿಗೆ ಕೆಲಸ. ಬೀದಿಯವರೆಲ್ಲ ಅವಳನ್ನು ಕೋಳಿಯಕ್ಕ ಎನ್ನುತ್ತಿದ್ದರು. ಮದುವೆಯಾಗಿ ಬರುವಾಗ ಮಂಡಗದ್ದೆಯ ತವರಿನಿಂದ ಅವಳೊಂದು ಹೇಂಟೆ ತಂದಿದ್ದಳಂತೆ, ಕೆಂಪು ಮೈ, ಬೋಳು ಕುತ್ತಿಗೆ. ಅದರ ಸಂತಾನವೆಲ್ಲ ಆ ವರ್ಷದ ರೋಗದಲ್ಲಿ ಸತ್ತಿತ್ತು. ಉಳಿದ ಒಂದೇ ಹೇಂಟೆ ಹದಿಮೂರು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು. ಒಂಬತ್ತನೆಯ ದಿನವಾದ ಅವತ್ತು ಮುಂಗುಸಿ ಅದನ್ನೂ ಎಳೆದೊಯ್ದಿತ್ತು.

"ತವರಲ್ಲೂ ಈ ತಳಿ ಉಳಿದಿಲ್ಲ ಮೇಷ್ಟ್ರೆ. ಇವು ಹೋದ್ರೆ ಮುಗೀತು" ಎಂದಳು.

"ಬೇರೆಯವರ ಕೋಳಿಯ ಕೆಳಗೆ ಇಡಬಹುದಲ್ಲ?"

"ತಿನ್ನೋರ ಮನೇಲಿ ಮೊಟ್ಟೆ ಇಟ್ಟು ಹನ್ನೆರಡು ದಿನ ನಾನು ನಿದ್ದೆ ಮಾಡೋದು ಹೆಂಗೆ? ನೀವಾದ್ರೆ ತಿನ್ನೋರಲ್ಲ."

ಬುಟ್ಟಿ ನನ್ನ ಕೈಗೆ ಕೊಟ್ಟು ಹೊರಟವಳು ಬಾಗಿಲಲ್ಲಿ ನಿಂತು ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದಳು: "ತಿನ್ನೋದಿಲ್ಲ ತಾನೇ?"

೨. ನೂರಾ ಒಂದು ಡಿಗ್ರಿ

ಪೆಟ್ಟಿಗೆಯ ಶಾಖ ನೂರಾ ಒಂದರ ಆಸುಪಾಸಿನಲ್ಲಿರಬೇಕು ಎಂದು ಪತ್ರಿಕೆ ಹೇಳಿತ್ತು. ಪರಿಚಯದ ಕಾಂಪೌಂಡರ ಹತ್ತಿರ ಜ್ವರ ನೋಡುವ ಕಡ್ಡಿ ಕೇಳಿದೆ.

"ಯಾರಿಗೆ ಜ್ವರ?"

"ಮನುಷ್ಯರಿಗಲ್ಲ" ಎಂದೆ. ವಿವರಿಸುವ ಅಭ್ಯಾಸ ನನಗಿಲ್ಲ. ಅದೇ ತಪ್ಪಾಯಿತು.

ಮರುದಿನ ನಾನು ಶಾಲೆಯಲ್ಲಿದ್ದಾಗ ಸಿಡುಬಿಗೆ ಲಸಿಕೆ, ಅಂದರೆ ದೇವಿ, ಹಾಕುವವನು ಚೀಲ ಸಮೇತ ಮನೆಗೆ ಬಂದ. "ಏನೋ ಮುಚ್ಚಿಡ್ತಿದ್ದಾರಂತೆ. ಜ್ವರ ಎಷ್ಟು ಜನಕ್ಕಿದೆ ತಾಯಿ?"

ಬೆಳಿಗ್ಗೆಯಿಂದ ದೀಪದ ಬತ್ತಿ ಏರಿಸಿ ಇಳಿಸಿ ಹೆಂಡತಿಗೆ ಸಾಕಾಗಿತ್ತು. "ಹದಿಮೂರಕ್ಕೆ. ಎಲ್ಲಕ್ಕೂ ನೂರಾ ಒಂದು. ಇಳಿದ್ರೆ ಮೇಷ್ಟ್ರು ಬಯ್ತಾರೆ."

ಅವನು ಎರಡು ಮೆಟ್ಟಿಲು ಕೆಳಗಿಳಿದನಂತೆ. ಪೆಟ್ಟಿಗೆ ತೆರೆದು ತೋರಿಸಿದ ಮೇಲೂ ಅವನ ಮುಖ ತಿಳಿಯಾಗಲಿಲ್ಲ. "ಬಂದು ಹಾಕದೇ ಹೋದ್ರೆ ಮೇಲಿನವರಿಗೆ ನನ್ನ ಮೇಲೆ ಅನುಮಾನ ಬರ್ತದೆ" ಎಂದು ಅವಳ ತೋಳಿಗೆ ದೇವಿ ಹಾಕಿ, ನನ್ನ ತೋಳನ್ನು ಹುಡುಕಿಕೊಂಡು ಶಾಲೆಗೇ ಬಂದ.

ಸಂಜೆ ನಮ್ಮಿಬ್ಬರ ತೋಳು ನೋಡಿ ಕೋಳಿಯಕ್ಕನಿಗೆ ಸಮಾಧಾನವಾಗಲಿಲ್ಲ. "ರೋಗ ಬರೋದು ಕೋಳಿಗೆ. ಸೂಜಿ ನಿಮಗ್ಯಾಕೆ?"

೩. ಬರಿಯ ಮೂರು

ಕಾವಿನ ಹನ್ನೆರಡನೆಯ ದಿನ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಮಧ್ಯಾಹ್ನವೇ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಟಾರ್ಚಿನ ಬಾಯಿಗೆ ರಟ್ಟಿನ ಕೊಳವೆ ಸಿಕ್ಕಿಸಿ ಒಂದೊಂದನ್ನೇ ನೋಡಿದೆ. ಹತ್ತರಲ್ಲಿ ಜೇಡರ ಬಲೆಯಂತೆ ರಕ್ತದ ಎಳೆಗಳು ಕಂಡವು. ಮೂರು ಸ್ವಚ್ಛವಾಗಿದ್ದವು.

"ಇವುಗಳಲ್ಲಿ ಏನೂ ಇಲ್ಲ" ಎಂದು ಪಕ್ಕಕ್ಕಿಟ್ಟೆ.

ಕೋಳಿಯಕ್ಕ ಮೊಟ್ಟೆ ನೋಡಲಿಲ್ಲ, ನನ್ನನ್ನೇ ನೋಡಿದಳು. "ಅಡಿಗೆ ಮನೆ ಆ ಕಡೆ ಅಲ್ವಾ?"

"ಹೌದು."

"ಏನೂ ಇಲ್ಲ ಅಂದ್ರೆ ನಾನೇ ತಗೊಂಡು ಹೋಗ್ತೀನಿ."

ಒಯ್ದಳು. ಕಾಲು ಗಂಟೆಯ ನಂತರ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಲಿಯ ಹತ್ತಿರ ಬಂದಳು. "ಮೇಷ್ಟ್ರೆ, ನೀವು ಹೇಳಿದ್ದು ನಿಜ."

"ನಿನಗೆ ಗೊತ್ತಾಯಿತಲ್ಲ, ಸಾಕು."

"ನನಗೆ ಒಬ್ಬಳಿಗಲ್ಲ, ಇಡೀ ಬೀದಿಗೆ ಗೊತ್ತಾಗಿದೆ."

೪. ಗುರುವಾರದ ಗಡುವು

ಆ ವಾಸನೆ ನಮ್ಮ ಮನೆಯ ಮಾಲೀಕರನ್ನು ಕರೆತಂದಿತು. ಗೋಡೆಗೆ ಗೋಡೆ ಹೊಂದಿದ ಪಕ್ಕದ ಮನೆಯಲ್ಲಿ ಅವರ ವಾಸ. ಬಾಡಿಗೆಗೆ ಕೊಡುವಾಗಲೇ ಮೊಟ್ಟೆ, ಮೀನು, ಮಾಂಸ ಹೊಸಿಲು ದಾಟಕೂಡದೆಂದು ಮಾತಾಗಿತ್ತು. ಅವರು ಮೂಗನ್ನು ಮುಂದಿಟ್ಟುಕೊಂಡು ನೇರವಾಗಿ ಪೆಟ್ಟಿಗೆಯ ಬಳಿಗೇ ಬಂದರು.

"ಇದೆಂತದು ಮೇಷ್ಟ್ರೇ? ಒಳಗೆ ಎಂತ ಇದ್ದು?"

"ಮರಿ."

"ಕಾಣ್ತಿಲ್ಲೆ."

"ಮೊಟ್ಟೆಯೊಳಗಿವೆ."

ಅವರು ಬಹಳ ಹೊತ್ತು ಯೋಚಿಸಿದರು. ಶಾಸ್ತ್ರ ಓದಿದವರು, ಅನ್ಯಾಯ ಮಾಡುವವರಲ್ಲ. ಕೊನೆಗೆ ತೀರ್ಪು ಕೊಟ್ಟರು: "ಮೊಟ್ಟೆ ಅಂದ್ರೆ ಆಹಾರ. ಮರಿ ಅಂದ್ರೆ ಪ್ರಾಣಿ. ಪ್ರಾಣಿ ಮನೇಲಿ ಇದ್ರೆ ಅಡ್ಡಿ ಇಲ್ಲೆ. ಮುಂದಿನ ವಾರ ಗುರುವಾರ ನಾನು ಬತ್ತೆ. ಅಷ್ಟರೊಳಗೆ ತಾನು ಮೊಟ್ಟೆಯೋ ಮರಿಯೋ ಹೇಳಿ ಅದೇ ತೀರ್ಮಾನ ಮಾಡ್ಕಳಲಿ."

ಆ ಗುರುವಾರವೇ ಕಾವಿನ ಇಪ್ಪತ್ತೊಂದನೆಯ ದಿನ, ಮರಿ ಹೊರಬರಬೇಕಾದ ದಿನ.

೫. ಕಾವು ಒಬ್ಬರದು, ಮಾತು ಒಬ್ಬರದು

ಹತ್ತೊಂಬತ್ತನೆಯ ದಿನ ಕೆಲಸಕ್ಕೆ ಹೋಗುವ ಮುಂಚೆ ಕೋಳಿಯಕ್ಕ ಬಂದು ಪೆಟ್ಟಿಗೆಗೆ ಕಿವಿ ಹಚ್ಚಿದಳು.

"ಸದ್ದೇ ಇಲ್ಲ. ನೀವು ಇವಕ್ಕೆ ಏನೂ ಹೇಳಿಲ್ವಾ?"

"ಏನು ಹೇಳಬೇಕು?"

"ಕಾವಿಗೆ ಕೂತ ಕೋಳಿ ಕೊನೇ ಮೂರು ದಿನ ಒಂದೇ ಸಮ ಮಾತಾಡ್ತದೆ. ಹೊರಗೆ ಯಾರೋ ನಮ್ಮೋರು ಇದ್ದಾರೆ ಅಂತ ಗೊತ್ತಾಗದೆ ಮರಿ ಯಾಕೆ ಒಡ್ಕೊಂಡು ಬರ್ತದೆ?" ಅವಳು ನನ್ನ ಹೆಂಡತಿಯ ಕಡೆ ತಿರುಗಿದಳು. "ಇವರು ಮಾತಾಡೋದೇ ಇಲ್ವಾ?"

"ಆಡ್ತಾರೆ, ದೀಪಾವಳಿಗೊಂದ್ಸಲ."

"ನೀನೇ ಕೂತು ಮಾತಾಡು" ಎಂದು ನಾನು ಕೋಳಿಯಕ್ಕನಿಗೆ ಹೇಳಿ ನೋಡಿದೆ.

"ಅದಾಗಲ್ಲ. ಕಾವು ಒಬ್ಬರದು, ಮಾತು ಒಬ್ಬರದು ಆದ್ರೆ ಮರಿಗೆ ಅನುಮಾನ ಬರ್ತದೆ."

ಅವಳ ಕಣ್ಣು ತುಂಬಿತ್ತು. ನಾನು ಎರಡು ದಿನ ರಜೆ ಹಾಕಿ ಪೆಟ್ಟಿಗೆಯ ಮುಂದೆ ಕೂತೆ. ಮೊಟ್ಟೆಗಳೊಂದಿಗೆ ಯಾವ ವಿಷಯ ಮಾತಾಡುವುದೋ ತಿಳಿಯಲಿಲ್ಲ. ಕೊನೆಗೆ ಮುಂದಿನ ವಾರ ಮಾಡಬೇಕಿದ್ದ ಭೂಗೋಳದ ಪಾಠ ತೆಗೆದೆ. "ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹರಿದು, ಜೋಗದಲ್ಲಿ ಧುಮುಕುತ್ತದೆ." ಪಾಠ ಅಷ್ಟೇ ಇತ್ತು. ಅದನ್ನೇ ಮತ್ತೆ ಮತ್ತೆ ಓದಿದೆ.

ಗೋಡೆಯಾಚೆಯಿಂದ ಮಾಲೀಕರು ಕೇಳಿದರು: "ಮೇಷ್ಟ್ರೇ, ಮನೇಲಿ ಟ್ಯೂಶನ್ ಶುರು ಮಾಡಿದ್ರಾ? ಯಾರ ಮಕ್ಕ?"

ಬುಧವಾರ ಸಂಜೆ, ನಾನು "ಅಂಬುತೀರ್ಥದಲ್ಲಿ" ಎನ್ನುವಾಗ, ಒಂದು ಮೊಟ್ಟೆ ಒಳಗಿನಿಂದ ಚಿಂವ್ ಎಂದಿತು. ನಾನು ನಿಲ್ಲಿಸಿದೆ. ಅದೂ ನಿಲ್ಲಿಸಿತು. "ಹುಟ್ಟಿ" ಎಂದೆ. ಇನ್ನೆರಡು ಚಿಂವ್ ಎಂದವು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಹೇಳಿದಳು: "ಹದಿನಾರು ವರ್ಷದಿಂದ ನಾನೂ ನಿಮ್ಮ ಜೊತೇಲಿದ್ದೀನಿ. ನನಗೆ ಒಂದು ನದಿಯ ಸುದ್ದಿ ಹೇಳಿದ್ದಿಲ್ಲ."

೬. ಗಿಡುಗ

ಗುರುವಾರ ಮಾಲೀಕರು ಬರುವ ಹೊತ್ತಿಗೆ ಒಂಬತ್ತು ಮರಿ ಹೊರಬಂದಿದ್ದವು, ಕೆಂಪು ಮೈ, ಬೋಳು ಕುತ್ತಿಗೆ. ಒಂದು ಮೊಟ್ಟೆ ಕೊನೆಗೂ ಒಡೆಯಲಿಲ್ಲ. ಅದನ್ನು ಹೆಂಡತಿ ಹಿಂದಿನ ಬಾಗಿಲಿಂದ ಸಾಗಿಸಿದಳು. ಮಾಲೀಕರು ಮರಿಗಳನ್ನು ನೋಡಿ, "ಪ್ರಾಣಿಯೇ ಹೌದು" ಎಂದು ಒಪ್ಪಿ ಹೋದರು. ಕೋಳಿಯಕ್ಕ ಸೆರಗಿನಲ್ಲಿ ಮರಿ ತುಂಬಿಕೊಂಡು ಮನೆಗೆ ಒಯ್ದಳು. ಏನೂ ಹೇಳಲಿಲ್ಲ. ನನಗೆ ಅದು ಹಿಡಿಸಿತು.

ಹೆಚ್ಚು ಹೊತ್ತು ಹಾಗೆ ಉಳಿಯಲಿಲ್ಲ. ಮೂರನೆಯ ದಿನ ಬೇಲಿಯಾಚೆಯಿಂದ ಕೂಗಿದಳು. "ಮೇಷ್ಟ್ರೆ, ಮರಿಗೆ ಏನು ಮಾಡಿದ್ದೀರಿ ಹೇಳಿ. ಮೇಲೆ ಗಿಡುಗ ಸುತ್ತುತ್ತಿದೆ, ನಾನು ಬಾ ಬಾ ಬಾ ಅಂದ್ರೆ ಯಾರೋ ದಾರಿಹೋಕಳು ಅನ್ನೋ ಹಾಗೆ ನೋಡ್ತಾವೆ."

ಬೇಲಿ ದಾಟಿದೆ. ಅಂಗಳದ ತುಂಬ ಮರಿಗಳು ಚದುರಿದ್ದವು. ಗಿಡುಗದ ನೆರಳು ಬಾವಿಕಟ್ಟೆ ದಾಟಿ ಬರುತ್ತಿತ್ತು. ಅನುಮಾನದಿಂದಲೇ, ಸಣ್ಣ ದನಿಯಲ್ಲಿ, "ಶರಾವತಿ ನದಿಯು" ಎಂದೆ. ಒಂಬತ್ತೂ ತಲೆ ಎತ್ತಿದವು. "ತೀರ್ಥಹಳ್ಳಿ ತಾಲ್ಲೂಕಿನ" ಎನ್ನುವಷ್ಟರಲ್ಲಿ ನನ್ನ ಪಂಚೆಯೊಳಗಿದ್ದವು.

ನಾನು ಹೊತ್ತಿಗೆ ಸರಿಯಾಗಿ ಸಿಗುತ್ತೇನೆಂಬ ನಂಬಿಕೆ ಕೋಳಿಯಕ್ಕನಿಗೆ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವಳು ಅವತ್ತು ಸಂಜೆಯೊಳಗೆ ಪಾಠವನ್ನು ನನ್ನದೇ ಧಾಟಿಯಲ್ಲಿ ಬಾಯಿಪಾಠ ಮಾಡಿದಳು. ವಾರ ಕಳೆಯುವಷ್ಟರಲ್ಲಿ ಮರಿಗಳು ಅವಳ ಹಿಂದೆಯೇ ಓಡಾಡಿದವು. ಆ ವರ್ಷ ಪರೀಕ್ಷೆಯಲ್ಲಿ ಶರಾವತಿ ಹುಟ್ಟುವುದೆಲ್ಲಿ ಎಂದು ಕೇಳಿದ್ದೆ. ನನ್ನ ತರಗತಿಯಲ್ಲಿ ಅರ್ಧ ಜನ ಜೋಗ ಎಂದು ಬರೆದರು.

೭. ತವರಿಗೆ

ಮರಿಗಳು ಬೆಳೆದ ಮೇಲೆ ಮಂಡಗದ್ದೆಯಿಂದ ಕೋಳಿಯಕ್ಕನ ಅಣ್ಣ ಬಂದ. ಮೂರು ಹೇಂಟೆ, ಒಂದು ಹುಂಜವನ್ನು ಅವನ ಬುಟ್ಟಿಗೆ ಹಾಕಿ, ತವರಿನ ತಳಿ ತವರಿಗೆ ಮುಟ್ಟಿತು ಎಂದು ಅವಳು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಅವನಿಗೂ ಶರಾವತಿಯ ಪಾಠ ಕಲಿಸಿದಳು.

ಹದಿನೈದು ದಿನಕ್ಕೆ ಅವನು ನನ್ನ ಮನೆ ಹುಡುಕಿಕೊಂಡು ಬಂದು ಜಗಲಿಯಲ್ಲಿ ಕೂತ. ಮುಖ ಸಪ್ಪಗಿತ್ತು.

"ಕೋಳಿ ಚೆನ್ನಾಗಿವೆಯಾ?" ಎಂದೆ.

"ಕೋಳಿ ಚೆನ್ನಾಗಿವೆ. ಊರಲ್ಲಿ ನಂದೇ ಚೆನ್ನಾಗಿಲ್ಲ. ನಮ್ಮ ಮನೆ ಇರೋದು ತುಂಗೆ ದಂಡೇಲಿ ಮೇಷ್ಟ್ರೆ. ದಿನಾ ಸಂಜೆ ಅಲ್ಲಿ ನಿಂತು ಶರಾವತಿ ಅಂತ ಕೂಗ್ತೀನಿ. ತುಂಗೆ ನೀರು ಕುಡ್ಕೊಂಡು ಇನ್ನೊಂದು ಹೊಳೆಯ ಹೆಸರು ಹೇಳ್ತಾನಲ್ಲ, ಇವನ ಮನಸ್ಸಲ್ಲಿ ಏನಿದೆ ಅಂತ ಊರೋರಿಗೆ ಅನುಮಾನ. ನೀವು ಅದನ್ನ ತುಂಗೆಗೆ ಬದಲಾಯಿಸಿ ಕೊಡಿ."

ನ್ಯಾಯವಾದ ಮಾತು. ತುಂಗೆ ಗಂಗಾಮೂಲದಲ್ಲಿ ಹುಟ್ಟಿ ಮಂಡಗದ್ದೆಯ ಮೇಲೆ ಹರಿಯುವುದನ್ನು ಒಂದು ಹಾಳೆಯಲ್ಲಿ ಬರೆದು, ಎರಡು ಸಲ ಓದಿಸಿ ಕಳಿಸಿದೆ.

ಮುಂದೆ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಈಗ ಹೇಗೆ ಎಂದು ಕೇಳಿದೆ. ಅವನು ಆಚೀಚೆ ನೋಡಿ, ಹತ್ತಿರ ಸರಿದ.

"ತುಂಗೆ ಅಂದ್ರೆ ಅವು ತಿರುಗಿಯೂ ನೋಡಲ್ಲ ಮೇಷ್ಟ್ರೆ. ಅದಕ್ಕೆ ಎರಡೂ ಹೇಳ್ತೀನಿ. ಮೊದಲು ತುಂಗೆ, ಊರಿಗೆಲ್ಲ ಕೇಳೋ ಹಾಗೆ. ಆಮೇಲೆ ಬಗ್ಗಿ ಕೂತು ಶರಾವತಿ, ಕೋಳಿಗೆ ಮಾತ್ರ ಕೇಳೋ ಹಾಗೆ."