ಅಜ್ಜನ ಗಾಡಿಯ ಡೈನಮೋ

ನವೀನನ ಮೋಟಾರ್ ಸೈಕಲ್ಲಿನ ಹೆಡ್‌ಲೈಟು ಹತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಕಡ್ಡಿ ಗೀರಿ ನೋಡಬೇಕಾಗಿತ್ತು. ಹಾರ್ನು ಒತ್ತಿದರೆ ನೆಗಡಿಯಾದ ಕುರಿಮರಿಯ ದನಿ. ಬ್ಯಾಟರಿಗೆ ಚಾರ್ಜ್ ಏರುವುದು ನಿಂತು ಯಾವ ಕಾಲವಾಯಿತೋ. ಆದರೂ ಅದು ಅಜ್ಜನ ಗಾಡಿ, ಬನಹಟ್ಟಿಯಲ್ಲಿ ಅಂಥದ್ದು ಇನ್ನೊಂದಿಲ್ಲ ಎಂಬ ಹೆಮ್ಮೆ ಅವನಿಗೆ. ಇನ್ನೊಂದು ಯಾಕಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಹೆಂಡತಿ ಕಾಂಚನಾಳಿಗೆ ಅದು ಗೊತ್ತಾದದ್ದು ಹೋದ ವಾರ, ಜಮಖಂಡಿ ರಸ್ತೆಯಲ್ಲಿ ಗಾಡಿ ನೂಕುವಾಗ. ಮದುವೆಯ ಸೀರೆ ಉಟ್ಟು ನೂಕುತ್ತಿದ್ದವಳನ್ನು ಕಂಡು ಕಬ್ಬಿನ ಟ್ರ್ಯಾಕ್ಟರಿನವನು ಹಾಡು ಬಂದ್ ಮಾಡಿ, ಹೆಣ ಎದುರಾದವರ ಹಾಗೆ ಮೆಲ್ಲಗೆ ದಾಟಿಹೋದ. ಅವಳು ಅಲ್ಲಿಂದಲೇ ಬಸ್ಸು ಹತ್ತಿ ಮುಧೋಳದ ತವರಿಗೆ ನಡೆದಳು.

"ಆ ಗಾಡಿ ತಾನಾಗಿ ಮುಧೋಳತನಾ ಬಂದ್ರ ನಾನೂ ಬರ್ತೀನ್ರಿ. ಇಲ್ಲಂದ್ರ ನೀವಿಬ್ಬರ ಸಂಸಾರ ಮಾಡ್ರಿ," ಎಂದು ಫೋನಿನಲ್ಲಿ ತೀರ್ಪು ಕೊಟ್ಟಳು.

ಭಾನುವಾರ ಬೆಳಿಗ್ಗೆ ನವೀನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂತದ್ದೇ ತಡ, ಪಕ್ಕದ ಮನೆಯ ಗೂಳಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಅವನ ಮನೆಯಲ್ಲಿ ಪವರ್‌ಲೂಮ್ ಇತ್ತು. ಆದ್ದರಿಂದ ಜಗತ್ತಿನ ಯಾವ ಮೋಟಾರಿನ ಬಗ್ಗೆಯೂ ಮಾತಾಡುವ ಹಕ್ಕಿತ್ತು.

"ಬ್ಯಾಟರಿ ತುಂಬಸೂ ಡೈನಮೋ ಬಿಚ್ಚಲೇ ನವ್ಯಾ. ನಮ್ಮ ಮಗ್ಗದ ಮೋಟರ್ ಹಿಂಗ ಮಾಡಿತ್ತು. ಒಳಗ ಕಾರ್ಬನ್ ಬ್ರಷ್ ಇರತಾವ, ತಿಕ್ಕಿದ್ರ ಆತು."

"ಕಾಕಾ, ಮೆಕ್ಯಾನಿಕ್‌ನ ಕೇಳೂಣಲ್ರಿ?"

"ನಾ ಇರೂತನಾ ಮೆಕ್ಯಾನಿಕ್ ಯಾಕಲೇ?"

ಬಿಚ್ಚಿದರು. ತಿಕ್ಕಿದರು. ಮತ್ತೆ ಜೋಡಿಸುವಾಗ ಎರಡು ಸ್ಕ್ರೂ ಉಳಿದವು. ಅವು ಹೆಚ್ಚಿನವು ಎಂದು ಗೂಳಪ್ಪ ತೀರ್ಮಾನಿಸಿದ. ಆಮೇಲೆ "ತಡಿ, ನೋಡೂಣು" ಎಂದು ಎರಡು ವಾಯರ್ ಮುಟ್ಟಿಸಿದ. ಚಟ್ ಎಂದಿತು. ಸುಟ್ಟ ವಾಸನೆ ಓಣಿಯ ತುದಿಯವರೆಗೂ ಹೋಯಿತು.

"ನೋಡಿದಿ? ನಾ ಹೇಳ್ಲಿಲ್ಲ, ಅದರಾಗ ಕರೆಂಟ್ ಇತ್ತು!" ಎಂದು ಗೂಳಪ್ಪ ಗೆದ್ದವನಂತೆ ನಕ್ಕ. ಇತ್ತು, ನಿಜ. ಈಗ ಇರಲಿಲ್ಲ.

ಪ್ರಾಯಶ್ಚಿತ್ತಕ್ಕೆಂದು ಗೂಳಪ್ಪನೇ ತನ್ನ ಸ್ಕೂಟರಿಗೆ ಹಗ್ಗ ಬಿಗಿದು ಗಾಡಿಯನ್ನು ರಬಕವಿಗೆ ಎಳೆದೊಯ್ದ. ದಾರಿಯಲ್ಲಿ ಪರಿಚಯದವರು ಕಂಡಲ್ಲೆಲ್ಲ ಬ್ರೇಕ್ ಹಾಕಿ, "ಹೇಣ್ತಿನ್ನ ಕರಕೊಂಡ ಬರಾಕ ಹೊಂಟಾನ್ರಿ" ಎಂದು ಸಾರಿದ. ಅವನು ನಿಲ್ಲಿಸಿದಾಗಲೆಲ್ಲ ನವೀನ ಗಾಡಿ ಸಮೇತ ಹಿಂದಿನಿಂದ ಹೋಗಿ ಗುದ್ದಿದ. ಅರ್ಧ ಗುದ್ದು ಬೇಕೆಂದೇ ಗುದ್ದಿದ್ದು.

ರಬಕವಿಯ ಮೆಕ್ಯಾನಿಕ್ ದಶರಥ ಡೈನಮೋವನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದನ್ನ ಬಿಚ್ಚಿದಾವ ಯಾರ?"

ಇಬ್ಬರೂ ಆಕಾಶ ನೋಡಿದರು.

"ಡೈನಮೋದ ಕಾಲ ಮುಗೀತ್ರಿ. ಅಲ್ಟರ್ನೇಟರ್ ಕೂಡಸ್ತೇನಿ, ಹನ್ನೆರಡ ವೋಲ್ಟಿನ ಬ್ಯಾಟರಿ ಹಾಕ್ತೇನಿ. ಚಾರ್ಜ್ ಅಂದ್ರ ಹೆಂಗ ಆಗತೈತಿ ನೋಡ್ರಿ ಆಮ್ಯಾಲೆ," ಎಂದವನು ಗಾಡಿಯನ್ನು ಪೂರ್ತಿ ಬಿಚ್ಚಿ ಹರವಿ, ಸಂಬಂಧಿಕರ ತೊಟ್ಟಿಲ ಕಾರ್ಯಕ್ರಮಕ್ಕೆ ಊಟಕ್ಕೆ ಹೋದ. ಉಂಡು, ಎಲೆಯಡಿಕೆ ಹಾಕಿ, ತೊಟ್ಟಿಲು ತೂಗಿ ಬಂದ. ನವೀನ ನಟ್ಟು ಬೋಲ್ಟುಗಳ ನಡುವೆ ಅವನ್ನು ಮಾರುವವನ ಹಾಗೆ ಕೂತಿದ್ದ.

ಹೊತ್ತು ಮುಳುಗುವಾಗ ಗಾಡಿ ಸಿದ್ಧವಾಯಿತು. ದಶರಥ ಲೈಟು ಹಾಕಿದ. ಎದುರಿನ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಬೆಳಗಾಯಿತೆಂದು ಎದ್ದು ಮೈಮುರಿಯಿತು.

ಮಹಾಲಿಂಗಪುರ ದಾಟಿ ಮುಧೋಳದವರೆಗೆ ನವೀನ ಅಗತ್ಯವಿಲ್ಲದ ಕಡೆಯೆಲ್ಲ ಹಾರ್ನ್ ಹೊಡೆದ. ಮಾವ ಅಮಸಿದ್ದಪ್ಪನ ಓಣಿ ಗವ್ವೆನ್ನುತ್ತಿತ್ತು. ಇವನ ಬೆಳಕು ಬಿದ್ದದ್ದೇ, "ಕರೆಂಟ್ ಬಂತು!" ಎಂದು ಮನೆಮನೆಯಿಂದ ಕೂಗೆದ್ದಿತು. ಹೊರಗೆ ಬಂದು, ಬಂದದ್ದು ಬರೀ ಅಳಿಯ ಎಂದು ತಿಳಿದು ಎಲ್ಲರ ಮೋರೆಯೂ ಇಳಿಯಿತು. ಓಣಿಯ ಟ್ರಾನ್ಸ್‌ಫಾರ್ಮರ್ ನಿನ್ನೆಯೇ ಸುಟ್ಟಿತ್ತು.

ಕಾಂಚನಾ ಮಾತ್ರ ಬಾಗಿಲಲ್ಲಿ ನಿಂತು ನಕ್ಕಳು. "ಖರೇನ ಬಂದ್ರಿ! ಎಲ್ಲೂ ನೂಕಲಿಲ್ಲ?"

"ಎಲ್ಲೂ ಇಲ್ಲ," ಎಂದ ನವೀನ. ಅವಳು ಬ್ಯಾಗು ತರಲು ಒಳಗೆ ಹೋದಳು. ಅಷ್ಟರಲ್ಲಿ ಎದುರು ಮನೆಯ ದುರಗೇಶ, ಟಿವಿ ರಿಪೇರಿ ಮಾಡುವವನು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಅಳಿಯಾರ, ಬ್ಯಾಟರಿ ಛಲೋ ಚಾರ್ಜ್ ಆಗತೈತೇನ್ರಿ?"

"ಆಗತೈತೇನು ಅಂತ ಕೇಳ್ತೀರಿ? ಬೇಕಾದ್ರ ನಿಮ್ಮ ಓಣಿಗೆಲ್ಲಾ ಸಾಕಾಗತೈತಿ!"

ಆ ದಿನ ಅವನು ಆಡಿದ ಮಾತುಗಳಲ್ಲಿ ಊರವರು ನಂಬಿದ್ದು ಅದೊಂದನ್ನೇ.

ದುರಗೇಶ ಕಾರಿನ ಚಾರ್ಜರ್ ತಂದು ಬ್ಯಾಟರಿಗೆ ವಾಯರ್ ಎಳೆದ. ಓಣಿಯ ಮೊಬೈಲುಗಳೆಲ್ಲ ರೊಟ್ಟಿ ಬುಟ್ಟಿಯಲ್ಲಿ ಬಂದವು. ಒಂದು ತುಂಬಿದರೆ ಇನ್ನೊಂದು. ಎಂಜಿನ್ ನಿಲ್ಲಕೂಡದೆಂದು ನವೀನ ಎಕ್ಸಲರೇಟರ್ ಹಿಡಿದು ಕೂತ. ಏಳಲು ಹೋದರೆ ಮುದುಕಿಯೊಬ್ಬಳು ಗದರಿದಳು: "ಕುಂದರೋ ತಮ್ಮಾ, ನಂದಿನ್ನಾ ಅರ್ಧಾನೂ ತುಂಬಿಲ್ಲ!"

ಕೊನೆಗೆ ಅವನೇ ಧೈರ್ಯ ಮಾಡಿದ. "ಮಾವಾರ, ಬಾಳ ಹೊತ್ತಾತು. ನಾವ್ ಹೊಂಡ್ತೀವ್ರಿ."

"ಹೋಗಿ ಬರ್ರಿ," ಎಂದ ಅಮಸಿದ್ದಪ್ಪ ಪ್ರೀತಿಯಿಂದ. "ಈಗೊಂದ ಬಸ್ಸೈತಿ. ಹೊಸಾ ಟ್ರಾನ್ಸ್‌ಫಾರ್ಮರ್ ಬರೂತನಾ ಗಾಡಿ ಇಲ್ಲೇ ಇರಲಿ. ಮಂದಿಗೆ ಮಾತ ಕೊಟ್ಟೀರಿ ನೀವು."

ನವೀನ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಅವಳಾಗಲೇ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಹೊರಟಿದ್ದಳು. "ಲಗೂನ ನಡೀರಿ, ಸೀಟ್ ಸಿಗೂದಿಲ್ಲ."

ಅವಳಿಗೆ ಸಿಕ್ಕಿತು. ನವೀನ ಕಂಬ ಹಿಡಿದು ನಿಂತ. ಬಸ್ಸು ಊರು ದಾಟುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

"ಅಳಿಯಾರ!" ಮಾವನ ದನಿ ನಡುಗುತ್ತಿತ್ತು. "ದುರಗೇಶ ಟಿವಿ ಹಚ್ಚಾಕ ಹೋಗ್ಯಾನ್ರಿ! ಗಾಡಿಯಾಗ ಹೊಗಿ ಬರಾಕತ್ತೈತಿ! ಯಾವ ವಾಯರ್ ಕೀಳಬೇಕ್ರಿ?"

"ಮಾವಾರ, ಆ ಕೆಂಪ..."

ಫೋನು ಕಪ್ಪಾಯಿತು. ಓಣಿಗೆಲ್ಲ ಚಾರ್ಜ್ ಕೊಟ್ಟವನು ತನ್ನದನ್ನು ಬುಟ್ಟಿಗೆ ಹಾಕುವುದನ್ನು ಮರೆತಿದ್ದ.

"ನಿನ್ನ ಫೋನ್ ಕೊಡ, ಲಗೂ!" ಎಂದು ಕಾಂಚನಾಳತ್ತ ಬಾಗಿ ಕೂಗಿದ.

"ಅಲ್ಲೇ ಬುಟ್ಟಿಯಾಗ ಬಿಟ್ಟ ಬಂದೇನ್ರಿ," ಎಂದಳು ಅವಳು. "ಇನ್ನಾ ತುಂಬಿದ್ದಿಲ್ಲ."