ಟಾಮಹಾಕಿಗೆ ಕುಂಕುಮ

ಸದಾಶಿವನ ಟಾಮಹಾಕಿನ ಮೇಲೆ ಕುಂಕುಮ ಬಿದ್ದದ್ದು ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ. ಆಗ ಅವನು ಹಿತ್ತಲಲ್ಲಿ ಹೆಲ್ಮೆಟ್ ಹಾಕಿಕೊಂಡು, ಬಟ್ಟೆ ಒಣಗಿಸುವ ಕಂಬವನ್ನೇ ಶತ್ರುವೆಂದು ಬಗೆದು ಬರಿಗೈಯಲ್ಲಿ ಭಂಗಿ ಅಭ್ಯಾಸ ಮಾಡುತ್ತಿದ್ದ. ಐದು ನಿಮಿಷ ಮೊದಲು ಒಳಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಟಾಮಹಾಕ್ ಎಂದರೆ ಅಮೆರಿಕದ ಮೂಲನಿವಾಸಿಗಳು ಬಳಸುತ್ತಿದ್ದ ಹಗುರವಾದ ಕೈಗೊಡಲಿ. ಸದಾಶಿವನದು ಅಭ್ಯಾಸದ್ದು, ಮರದ ಹಿಡಿ, ರಬ್ಬರಿನ ತಲೆ. ಪರ್ತಿನ ಥಾರ್ನ್ಲಿಯಲ್ಲಿ ಮನೆ ಮಾಡಿಕೊಂಡು, ಕ್ಯಾನಿಂಗ್ ವೇಲ್‌ನ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುವ ಈ ನಲವತ್ತಾರು ವರ್ಷದ ಮೈಸೂರಿನವನು ಒಂದು ವರ್ಷದಿಂದ ಪ್ರತಿ ಗುರುವಾರ ಸಂಜೆ ಗ್ಲೆನ್ ಎಂಬ ಗುರುವಿನ ಶೆಡ್ಡಿಗೆ ಹೋಗಿ ಟಾಮಹಾಕ್ ಹಿಡಿದು ಕಾದಾಡುವುದನ್ನು ಕಲಿಯುತ್ತಿದ್ದ. ಜಿರಳೆ ಕಂಡರೆ ಹೆಂಡತಿಯನ್ನು ಕೂಗುವವನಿಗೆ ಈ ಹುಚ್ಚು ಯಾಕೆ ಹಿಡಿಯಿತೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಅದರ ಫಲ ಸಿಗಬೇಕಾದ ದಿನ. ಹದಿನಾಲ್ಕರ ಮಗಳು ತನುಶ್ರೀಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು: ಮನೆಯವರೋ ಪರಿಚಯದವರೋ ಒಂದು ವಿದ್ಯೆಯನ್ನು ಹೇಳಿಕೊಡುವ ನಾಲ್ಕು ನಿಮಿಷದ ವಿಡಿಯೊ, ಸೋಮವಾರ ಬೆಳಿಗ್ಗೆಯೊಳಗೆ. ಎರಡು ವರ್ಷದಿಂದ ಅಪ್ಪನ ಜೊತೆ 'ಫೈನ್', 'ವಾಟೆವರ್' ಬಿಟ್ಟು ಮೂರನೆಯ ಪದ ಆಡದಿದ್ದ ಹುಡುಗಿ, "ಓಕೆ ಡ್ಯಾಡ್, ನಿನ್ನ ಟಾಮಹಾಕ್ ಥಿಂಗ್ ಮಾಡೋಣ. ಬಟ್ ಬಿಫೋರ್ ಫೋರ್. ಇಲ್ಲಾಂದ್ರೆ ಐ ವಿಲ್ ಫಿಲ್ಮ್ ಕೃತೀಸ್ ಡ್ಯಾಡ್" ಎಂದಿದ್ದಳು. ಗೆಳತಿ ಕೃತಿಯ ಅಪ್ಪ ಉತ್ತಮ್ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಆಸಾಮಿ. ಅವನ ಹೊಟ್ಟೆಯೂ ಚಪ್ಪಟೆ.

ಸದಾಶಿವ ಮೂರು ದಿನ ಕೂತು ಯೋಜನೆ ಬರೆದಿದ್ದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಐದು ಪಾಠಗಳಿದ್ದವು: ಹಿಡಿತ, ನಿಲುವು, ಅಂತರ, ತಡೆ, ಎದುರಾಳಿಯ ಆಯುಧ ಕಸಿಯುವುದು. ಯಾವ ಪಾಠಕ್ಕೆ ಕ್ಯಾಮೆರಾ ಎಲ್ಲಿ ಎಂದು ಬಾಣದ ಗುರುತುಗಳೂ ಇದ್ದವು. ಅವನು ಮರೆತದ್ದು ಒಂದೇ, ಅವತ್ತು ಆಯುಧ ಪೂಜೆ.

ಮೂರು ತಿಂಗಳ ವೀಸಾದಲ್ಲಿ ಬಂದಿದ್ದ ತಾಯಿ ಇಂದಿರಮ್ಮ ಅದನ್ನು ಮರೆಯುವವರಲ್ಲ. ಸೊಸೆ ವನಜಾ ಆಸ್ಪತ್ರೆಯ ಡ್ಯೂಟಿಗೆ ಹೊರಟ ಮೇಲೆ ಗ್ಯಾರೇಜೆಲ್ಲ ಹುಡುಕಿ, ಡ್ರಿಲ್ಲಿಂಗ್ ಮಷೀನು, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನು ದೇವರ ಮುಂದೆ ಸಾಲಾಗಿ ಮಲಗಿಸಿದ್ದರು. ನಟ್ಟ ನಡುವೆ ಟಾಮಹಾಕ್, ಅದರ ತಲೆಗೆ ಮೂರು ಬೆರಳು ಅಗಲದ ಕುಂಕುಮ, ಬೇಲಿಯಿಂದ ಕಿತ್ತ ಬೋಗನ್‌ವಿಲ್ಲಾ ಹೂವು.

"ಅಮ್ಮಾ! ಅದು ಇವತ್ತು ಬೇಕು!"

"ನಾಳೆ ಬೆಳಿಗ್ಗೆ ಪುನಃಪೂಜೆ ಆದ್ಮೇಲೆ ತಗೋ. ಪೂಜೆಗೆ ಇಟ್ಟಿದ್ದನ್ನ ಇವತ್ತು ಮುಟ್ಟಬಾರ್ದು."

"ಅದು ಆಯುಧ ಅಲ್ಲಮ್ಮ, ಆಟದ ಸಾಮಾನು. ತಲೆ ರಬ್ಬರು."

"ಆಟದ ಸಾಮಾನಾದ್ರೆ ಮಗೂಗೆ ಯುದ್ಧ ಹೇಳ್ಕೊಡ್ತೀನಿ ಅಂತ ಫ್ರಿಜ್ ಮೇಲೆ ಯಾಕೋ ಬರ್ದಿದ್ದೀಯ?"

ಆಯುಧವೆಂದರೆ ಪೂಜೆಯಿಂದ ಏಳುವಂತಿಲ್ಲ, ಆಯುಧವಲ್ಲವೆಂದರೆ ವಿಡಿಯೊಗೆ ಅರ್ಥವಿಲ್ಲ. ತನುಶ್ರೀ ಸೋಫಾದ ಮೇಲೆ ಕೂತು ಮೊಬೈಲು ಹಿಡಿದು ನೋಡುತ್ತಿದ್ದಳು. "ಏಟ್ ಥರ್ಟಿ, ಡ್ಯಾಡ್" ಎಂದಳು.

ಗ್ಲೆನ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಭಾನುವಾರ ಅವನು ಮೀನು ಹಿಡಿಯುವವನು. ಸದಾಶಿವ ಕಾರು ತೆಗೆದು ಹಾರ್ಡ್‌ವೇರ್ ಅಂಗಡಿಗೆ ಓಡಿ, ಸೌದೆ ಸೀಳುವ ಪುಟ್ಟ ಕೊಡಲಿಯೊಂದನ್ನು ಅಲಗಿನ ಮುಚ್ಚಳದ ಸಮೇತ ತಂದ. ಹಿಡಿತ, ನಿಲುವು ತೋರಿಸಲು ಅಷ್ಟು ಸಾಕಿತ್ತು. ಆದರೆ ಬಾಗಿಲಲ್ಲೇ ಇಂದಿರಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

"ಹೊಸದಾ? ಹಬ್ಬದ ದಿನ ಹೊಸ ಆಯುಧ ಮನೆಗೆ ಬಂದಿದೆ, ಎಷ್ಟು ಒಳ್ಳೇದು! ಮೊದ್ಲು ಪೂಜೆ. ಬಾ, ನಮಸ್ಕಾರ ಮಾಡು."

"ಅಮ್ಮ, ಟೈಮಿಲ್ಲ..."

"ಅಡ್ಡಬೀಳೋಕೆ ಎಷ್ಟು ಹೊತ್ತು ಬೇಕೋ?"

ಹೆಲ್ಮೆಟ್ ಹಾಕಿಕೊಂಡೇ ಸದಾಶಿವ ಉದ್ದಂಡ ಬಿದ್ದ. ಏಳುವಷ್ಟರಲ್ಲಿ ಎರಡನೆಯ ಕೊಡಲಿಯೂ ಮೊದಲನೆಯದರ ಪಕ್ಕ ಹೂ ಮುಡಿದು ಮಲಗಿತ್ತು.

ಅಷ್ಟರಲ್ಲಿ ಪ್ರಸಾದಕ್ಕೆಂದು ಇಂದಿರಮ್ಮ ಎದುರು ಮನೆಯ ಅನಂತಪದ್ಮನಾಭ ದಂಪತಿಯನ್ನು ಕರೆದಾಗಿತ್ತು. ಅನಂತಪದ್ಮನಾಭ ನಿವೃತ್ತರು, ಕನ್ನಡ ಸಂಘದ ನಾಟಕಗಳ ನಿರ್ದೇಶಕರು. ಬೇರೆಯವರ ಕಷ್ಟ ಕೇಳಿದರೆ ಅವರಿಗೆ ಹತ್ತು ವರ್ಷ ವಯಸ್ಸು ಇಳಿಯುತ್ತದೆ.

"ಇಷ್ಟೇ ತಾನೇ? ಪರಶುರಾಮನ ಕೊಡಲಿ ನಮ್ಮನೇಲೇ ಇದೆ ಕಣಯ್ಯ. ರಟ್ಟಿಂದು, ಪೂಜೆಗೀಜೆ ಏನೂ ಬೇಡ. ಆದ್ರೆ ನಿನ್ನ ಸ್ಕ್ರಿಪ್ಟಲ್ಲಿ ಡೈಲಾಗೇ ಇಲ್ವಲ್ಲ!"

"ಅಂಕಲ್, ಅದು ಪಾಠ, ನಾಟಕ ಅಲ್ಲ."

"ಡೈಲಾಗ್ ಇಲ್ದೆ ಯಾರಯ್ಯ ಹೊಡೆದಾಡ್ತಾರೆ? 'ಎಲವೋ ಪಾಮರ!' ಅನ್ನು, ಆಮೇಲೆ ಬೀಸು."

ಬೆಳ್ಳಿ ಕಾಗದ ಸುತ್ತಿದ ಪರಶು ಬಂತು. ಹೊರಗೆ ಬಿಸಿಲು ಏರಿತ್ತು, ಎಲ್ಲರೂ ಹಾಲಿನಲ್ಲೇ ನಿಂತರು. ಆ ಕಡೆ ಅಂಕಲ್, ಈ ಕಡೆ ಕೋಸಂಬರಿ ತಟ್ಟೆ ಹಿಡಿದ ಅವರ ಹೆಂಡತಿ ದೇವಕಿ, ಎದುರಿಗೆ ಅಮ್ಮ. 'ಅಂತರ' ಎಂಬ ಮೂರನೆಯ ಪಾಠಕ್ಕೆ ಕೈ ಚಾಚುವಷ್ಟು ಜಾಗವೂ ಉಳಿದಿರಲಿಲ್ಲ. ಸದಾಶಿವ ಹಲ್ಲು ಕಚ್ಚಿ ಒಮ್ಮೆ ಬೀಸಿದ. ಪರಶುವಿನ ತಲೆ ಕಳಚಿ ಹಾರಿ ದೇವಕಿ ಆಂಟಿಯ ಕೋಸಂಬರಿಯಲ್ಲಿ ನೆಟ್ಟಗೆ ನಿಂತುಕೊಂಡಿತು.

"ಹದಿನೇಳು ವರ್ಷದ ಪರಶು" ಎಂದು ಅಂಕಲ್ ಸೋಫಾದಲ್ಲಿ ಕುಸಿದರು. ತನುಶ್ರೀ ಮೊಬೈಲಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸದಾಶಿವನಿಗೆ ತಿಳಿಯಲಿಲ್ಲ.

ಗಂಟೆ ಮೂರಾಯಿತು. ಮನೆಯಲ್ಲಿ ಕುಂಕುಮ ಹತ್ತದ ಹಿಡಿಯಿರುವ ವಸ್ತು ಒಂದೇ ಉಳಿದಿತ್ತು, ಸಾರಿನ ಸೌಟು. ಅದಕ್ಕೆ ರಜ ಕೊಟ್ಟರೆ ಊಟವಿಲ್ಲವೆಂದು ಇಂದಿರಮ್ಮನೇ ಬಿಟ್ಟಿದ್ದರು. ಸದಾಶಿವ ಅದನ್ನೇ ಎತ್ತಿಕೊಂಡ.

"ಟಾಮಹಾಕ್ ಅಂತ ತಿಳ್ಕೊಳ್ಳಿ. ಇದರ ಕೊಕ್ಕೆಯಿಂದ ಎದುರಾಳಿಯ ಕೈಯನ್ನ ಹೀಗೆ ಎಳ್ಕೋಬೇಕು. ಯಾರಾದ್ರೂ ಎದುರಾಳಿ ಆಗ್ತೀರಾ?"

ಅಂಕಲ್‌ಗೆ ಸೊಂಟ ನೋವು. ದೇವಕಿ ಆಂಟಿ ಕೋಸಂಬರಿಯಿಂದ ಬೆಳ್ಳಿ ಕಾಗದ ಆರಿಸುತ್ತಿದ್ದರು. "ನಾನ್ ಬರ್ತೀನಿ" ಎಂದು ಇಂದಿರಮ್ಮ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಹೋಳಿಗೆಯ ಸಮೇತ ಮುಂದೆ ಬಂದರು.

"ನೋಡಮ್ಮ, ನಾನು ನಿಧಾನಕ್ಕೆ ಬೀಸ್ತೀನಿ, ನೀನು ತಡೀಬೇಕು. ಒಂದು, ಎರಡು..."

ಮೂರು ಎನ್ನಲು ಬಾಯಿ ತೆರೆದದ್ದೇ ತಪ್ಪು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಎಂದು ಇಂದಿರಮ್ಮ ಹೋಳಿಗೆಯನ್ನು ಅವನ ಬಾಯಿಗೆ ತುರುಕಿದರು. ಅವನು ಉಸಿರಿಗೆ ಒದ್ದಾಡುವಾಗ, "ಅನ್ನ ಹಾಕೋ ಸೌಟನ್ನ ಹೀಗೆಲ್ಲ ಆಡಿಸ್ತಾರೇನೋ?" ಎಂದು ಅದನ್ನು ಕೈಯಿಂದ ಕಿತ್ತುಕೊಂಡು ಅಡಿಗೆಮನೆಗೆ ನಡೆದೇಬಿಟ್ಟರು.

ತನುಶ್ರೀ ಎದ್ದಳು. "ಇಟ್ಸ್ ಓಕೆ, ಡ್ಯಾಡ್. ಐ ಆಮ್ ಗೋಯಿಂಗ್ ಟು ಕೃತೀಸ್. ಅವ್ಳ ಮಮ್ ಪಿಕ್ ಮಾಡ್ತಾರೆ."

ಸದಾಶಿವ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತ. ಹೆಲ್ಮೆಟ್ ತೆಗೆಯಬೇಕೆಂದೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಇಂದಿರಮ್ಮ ಕಾಫಿ ತಂದು ಪಕ್ಕದಲ್ಲಿ ಕೂತರು.

"ಈ ಹೊಡೆದಾಟ ನಿಂಗೆ ಯಾಕೋ ಬೇಕಿತ್ತು? ಚಿಕ್ಕೋನಿದ್ದಾಗ ಗೋಲಿ ಆಟದಲ್ಲೂ ಅತ್ಕೊಂಡು ಬರ್ತಿದ್ದೆ."

"ಹೋದ ವರ್ಷ ಒಂದು ಮೇಳಕ್ಕೆ ಹೋಗಿದ್ವಮ್ಮ. ಅಲ್ಲಿ ಇಬ್ಬರು ಟಾಮಹಾಕ್ ಹಿಡ್ಕೊಂಡು ಕಾದಾಡಿ ತೋರಿಸ್ತಿದ್ರು. ತನು ನೋಡ್ತಾ ನೋಡ್ತಾ ನನ್ನ ಕೈ ಹಿಡ್ಕೊಂಡ್ಬಿಟ್ಳು, ಮರ್ತು. ಹತ್ತು ನಿಮಿಷ ಹಿಡ್ಕೊಂಡಿದ್ಳು. ಮತ್ತೆ ಯಾವತ್ತೂ ಹಿಡೀಲಿಲ್ಲ. ಅದಕ್ಕೇ ಕಲಿಯೋಕೆ ಸೇರ್ಕೊಂಡೆ."

ಇಂದಿರಮ್ಮ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು, "ಮೊದ್ಲೇ ಹೇಳ್ಬಾರ್ದಾಗಿತ್ತೇನೋ, ಪೆದ್ದೇ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಹಿಂದೆ ಸೊಳ್ಳೆ ಪರದೆಯ ಬಾಗಿಲು ಕಿರ್ ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಮರುದಿನ ಐದೂವರೆಗೇ ತಲೆಗೆ ನೀರು ಹಾಕಿಕೊಂಡು ಪುನಃಪೂಜೆ ಮುಗಿಸಿದ ಇಂದಿರಮ್ಮ ಮಗನನ್ನು ಎಬ್ಬಿಸಿ ಟಾಮಹಾಕನ್ನು ಕೈಗಿತ್ತರು. "ಓಡು, ಇನ್ನೂ ಟೈಮಿದೆ."

ಸದಾಶಿವ ಪಾಯಿಜಾಮದಲ್ಲೇ ಓಡಿದ. ಮಗಳು ಸೀರಿಯಲ್ ತಿನ್ನುತ್ತಿದ್ದಳು.

"ತನೂ, ಬೇಗ! ನಾಲ್ಕೇ ನಿಮಿಷ!"

"ಲಾಸ್ಟ್ ನೈಟೇ ಕಳಿಸ್ದೆ, ಡ್ಯಾಡ್."

"ಉತ್ತಮ್ ಅಂಕಲ್‌ದು ಚೆನ್ನಾಗಿ ಬಂತಾ?" ದನಿ ಸಹಜವಾಗಿರಲೆಂದು ಅವನು ಬಹಳ ಪ್ರಯತ್ನಪಟ್ಟ.

ಅವಳು ಮೊಬೈಲನ್ನು ಮುಂದೆ ಹಿಡಿದಳು. ಕೃತಿಯ ಮನೆಗೆ ಹೋಗಿದ್ದು ಅವಳ ಕಂಪ್ಯೂಟರಿನಲ್ಲಿ ಎಡಿಟ್ ಮಾಡಲು ಮಾತ್ರ. ವಿಡಿಯೊದ ಹೆಸರು ಇಂಗ್ಲಿಷಿನಲ್ಲಿತ್ತು: 'ಟಾಮಹಾಕ್ ಹಿಡಿದವನನ್ನು ಬರಿಗೈಯಲ್ಲಿ ಸೋಲಿಸುವುದು ಹೇಗೆ. ಗುರು: ನನ್ನ ಅಜ್ಜಿ.' ಫ್ರಿಜ್ಜಿನ ಮೇಲಿನ ಐದು ಪಾಠಗಳೇ. ಹಿಡಿತ: ಕುಂಕುಮ ಹಚ್ಚಿಬಿಡಿ. ನಿಲುವು: ಅಡ್ಡಬೀಳಿಸಿ. ಅಂತರ: ಅಕ್ಕಪಕ್ಕದವರನ್ನು ಕರೆಯಿರಿ. ತಡೆ: ಬಾಯಿಗೆ ಹೋಳಿಗೆ ತುರುಕಿ. ಕೊನೆಗೆ ಆಯುಧ ಕಸಿದುಕೊಂಡು ಅಡಿಗೆಮನೆಗೆ ಹೋಗಿ. ಪ್ರತಿ ಪಾಠದಲ್ಲೂ ಸೋಲುವವನು ಹೆಲ್ಮೆಟ್ ಹಾಕಿದ ಸದಾಶಿವ.

ಎಲ್ಲ ಮುಗಿದ ಮೇಲೆ ಪರದೆಯ ಬಾಗಿಲಿನ ಹಿಂದಿನಿಂದ ತೆಗೆದ ಒಂದು ದೃಶ್ಯವಿತ್ತು. ಮೆಟ್ಟಿಲ ಮೇಲೆ ಎರಡು ಬೆನ್ನು, ಹೆಲ್ಮೆಟ್ಟಿನ ಮೇಲೆ ಒಂದು ಕೈ. ಕೆಳಗೆ ಬರೆದಿತ್ತು: 'ವಿಲನ್: ನನ್ನ ಅಪ್ಪ. ನನಗೋಸ್ಕರ ಕಲಿತರು.'

ಸದಾಶಿವ ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿದ. ತನುಶ್ರೀ ಸೀರಿಯಲ್ ಬಟ್ಟಲನ್ನೇ ನೋಡುತ್ತ, "ಗ್ಲೆನ್‌ಗೂ ಕಳಿಸ್ದೆ. ಹಿ ಲವ್ಡ್ ಇಟ್. ಗುರುವಾರ ನಿನ್ನ ಅಮ್ಮನ್ನ ಕರ್ಕೊಂಡು ಬಾ ಅಂದ. ನಾನೂ ಬರ್ತೀನಿ, ಅಪ್ಪ" ಎಂದಳು.

ಗುರುವಾರ ಮೂವರೂ ಹೊರಟರು. ಮುಂದಿನ ಸೀಟಿನಲ್ಲಿ ಇಂದಿರಮ್ಮ, ಹಿಂದೆ ತನುಶ್ರೀ. ಕಾರಿನಿಂದ ಇಳಿದು ಶೆಡ್ಡಿನ ಬಾಗಿಲವರೆಗೆ ಮಗಳು ಅವನ ಕೈ ಹಿಡಿದಿದ್ದಳು, ಈ ಸಲ ಮರೆತಲ್ಲ. ಒಂದು ವರ್ಷ ಕಲಿತದ್ದನ್ನೆಲ್ಲ ಇವತ್ತು ಅವಳ ಕಣ್ಣೆದುರು ಒಮ್ಮೆಯಾದರೂ ತೋರಿಸಬೇಕೆಂದು ಸದಾಶಿವ ಒಳಗೊಳಗೇ ಹಿಗ್ಗಿದ. ಗ್ಲೆನ್ ಮತ್ತು ಹನ್ನೆರಡು ಮಂದಿ ಶಿಷ್ಯರು ಟಾಮಹಾಕ್ ಹಿಡಿದು ಸಾಲಾಗಿ ನಿಂತು ಅಜ್ಜಿಗೆ ತಲೆಬಾಗಿದರು.

ಇಂದಿರಮ್ಮ ಎಲ್ಲರನ್ನೂ ಒಮ್ಮೆ ನೋಡಿ, ಚೀಲದಿಂದ ಕುಂಕುಮದ ಬಟ್ಟಲು ತೆಗೆದರು.

"ಪಾಪ, ಇವಕ್ಕೆಲ್ಲ ಯಾರೂ ಪೂಜೆನೇ ಮಾಡಿಲ್ಲ. ಎಲ್ಲಾ ಇಲ್ಲಿ ಮಲಗಿಸೋಕೆ ಹೇಳೋ ಸದಾ. ನಾಳೆ ಬೆಳಿಗ್ಗೆವರ್ಗೂ ಯಾರೂ ಮುಟ್ಟಬಾರ್ದು."