ಮಸಿ ಕಟ್ಟಿದ ಕೊಳವೆ, ಒಂದೆರಡು ಹನಿ ನೀರು

ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನಿಗೆ ಸುಮ್ಮನೆ ಕೂರುವ ಯೋಗವಿಲ್ಲ. ಒಂದಲ್ಲ ಒಂದು ಪ್ರಸಂಗ ಮನೆಗೇ ಹುಡುಕಿಕೊಂಡು ಬರುತ್ತದೆ. ಈ ಸಲ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಲೆಕ್ಚರರ್.

"ಸರ್, ಈ ವರ್ಷ ಕೆಮಿಸ್ಟ್ರಿಗೆ ಮಕ್ಕಳು ಸೇರದಿದ್ರೆ ವಿಭಾಗಾನೇ ಮುಚ್ತಾರಂತೆ. ಪಿಯುಸಿ ಮುಗಿಸಿದವರ ಕಣ್ಣರಳೋ ಹಾಗೆ ಏನಾದ್ರೂ ಪ್ರಯೋಗ ತೋರಿಸ್ತೀರಾ?"

ನನಗೂ ಅಷ್ಟೇ ಬೇಕಿತ್ತು. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದಲ್ಲ, ಅದಕ್ಕೆ ಜಲಜನಕ ಬೆರೆಸಿ ಕೆಂಪಗೆ ಕಾದ ಕಬ್ಬಿಣದ ಮೇಲೆ ಹಾಯಿಸಿದರೆ ಒಂದು ಕಡೆ ಮಸಿ, ಇನ್ನೊಂದು ಕಡೆ ನೀರು. ಬಾಹ್ಯಾಕಾಶದಲ್ಲಿ ವರ್ಷಗಟ್ಟಲೆ ಇರಬೇಕಾದವರಿಗೆ ಉಪಯೋಗಕ್ಕೆ ಬಂದೀತೆಂದು ವಿಜ್ಞಾನಿಗಳು ಇದರ ಹಿಂದೆ ಬಿದ್ದಿದ್ದಾರೆ. ಅದನ್ನೇ ತೋರಿಸೋಣ ಅಂದೆ.

ನಲ್ಲಿ

ಸಾಗರದಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡರ್ ಒಬ್ಬರ ಹತ್ತಿರ ದಪ್ಪ ಕಬ್ಬಿಣದ ಕೊಳವೆ ಬೇಕೆಂದೆ.

"ಎಂತಕ್ಕೆ ಸಾರ್?"

"ಉಸಿರಿನಿಂದ ನೀರು ಮಾಡೋಕೆ."

ಅವರು ನಗಲಿಲ್ಲ, ಅಳತೆ ಕೇಳಿದರು. ಸಂತೋಷಕ್ಕೆ ಅಲ್ಲೇ ನಿಂತು ಅರ್ಧ ಗಂಟೆ ಪಾಠ ಮಾಡಿದೆ. ಸಂಜೆ ಹೋಗಿ ನೋಡಿದರೆ ಕೊಳವೆಯ ತುದಿಗೆ ಹೊಳೆಯುವ ಹಿತ್ತಾಳೆ ನಲ್ಲಿ!

"ಇದ್ಯಾಕ್ರೀ?"

"ನೀರು ಬರುತ್ತೆ ಅಂದ್ರಲ್ಲ ಸಾರ್. ಬಂದ್ಮೇಲೆ ನಿಲ್ಸೋದು ಹ್ಯಾಗೆ?"

ಎರಡು ಕೊಡ

ಮನೆಯಲ್ಲಿ ನನ್ನಾಕೆಗೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ತನ್ನ ಹವ್ಯಕ ಮಾತಿನಲ್ಲಿ ಕೇಳಿದಳು.

"ಕಡೆಗೆ ಎಷ್ಟು ನೀರು ಸಿಗ್ತು?"

"ಒಂದೆರಡು ಹನಿ."

"ಮತ್ತೆ ಆ ಕೊಳವೆ ತೊಳೆಯಲೆ ಎಷ್ಟು ನೀರು ಬೇಕು?"

"ಒಂದು ಕೊಡ ಬೇಕಾದೀತು."

"ಹಂಗಾರೆ ಮೇಲೆ ಹೋಪವಕ್ಕೆ ಕುಡಿಯಲೆ ಒಂದು, ತೊಳೆಯಲೆ ಒಂದು, ಎರಡು ಕೊಡ ನೀರು ತಗಂಡೇ ಹೋಪಲೆ ಹೇಳಿ!"

ಹೊಸನಗರದ ಚಪ್ಪಾಳೆ

ತೀರ್ಥಹಳ್ಳಿಗಿಂತ ಮೊದಲು ಹೊಸನಗರದ ಪಿಯು ಕಾಲೇಜಿನಲ್ಲಿ ಒಮ್ಮೆ ತೋರಿಸುವುದೆಂದಾಯಿತು. ಜುಲೈ ತಿಂಗಳು. ಸಭಾಂಗಣದ ಗೋಡೆಯೂ ಬೆವರುವ ಕಾಲ. ಕೊಳವೆಯ ತುದಿಗೆ ನಲ್ಲಿಯ ಬದಲು ಗಾಜಿನ ನಳಿಕೆ ಜೋಡಿಸಿ, ಅದನ್ನು ಮಂಜುಗಡ್ಡೆಯಲ್ಲಿಟ್ಟು, ಮೈಕ್ ಹಿಡಿದು ಪೀಠಿಕೆ ಶುರುಮಾಡಿದೆ. ಹೈಡ್ರೋಜನ್ನಿನ ಹೆಸರೆತ್ತುವಷ್ಟರಲ್ಲಿ ಚಪ್ಪಾಳೆಯೋ ಚಪ್ಪಾಳೆ! ತಿರುಗಿ ನೋಡಿದರೆ ನಳಿಕೆಯ ಮೈತುಂಬ ಹನಿ. ಹೊರಗಿನ ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ಕೂತಿತ್ತು, ಅಷ್ಟೆ.

"ಇದಲ್ಲ! ಇನ್ನೂ ಬರ್ನರ್ರೇ ಹಚ್ಚಿಲ್ಲ!" ಎಂದು ಕೂಗಿದೆ.

ಅಧ್ಯಕ್ಷತೆ ವಹಿಸಿದ್ದವರು ಎದ್ದು ನಿಂತರು. "ಗ್ಯಾಸ್ ಕೂಡ ಖರ್ಚಿಲ್ಲದೆ ನೀರು ತಂದ ಗುರುಗಳಿಗೆ ಧನ್ಯವಾದಗಳು" ಎಂದು ವಂದನಾರ್ಪಣೆಯನ್ನೇ ಮುಗಿಸಿಬಿಟ್ಟರು.

ತೀರ್ಥಹಳ್ಳಿಯ ಮಸಿ

ತೀರ್ಥಹಳ್ಳಿಯಲ್ಲಿ ಹಾಗಾಗಬಾರದು. ಎದುರಿಗೆ ಇನ್ನೂ ಯಾವ ಕಾಲೇಜೆಂದು ತೀರ್ಮಾನಿಸದ ಮಕ್ಕಳು, ಮೂಲೆಯಲ್ಲಿ ಕೈ ಕೈ ಹಿಸುಕುತ್ತಾ ನಿಂತ ನಮ್ಮ ಲೆಕ್ಚರರ್. ಬೆಳಗಿನಿಂದಲೇ ಕೊಳವೆ ಕಾಯಿಸಿದ್ದೆವು. ನಳಿಕೆಯ ಒಳಗೆ ಒಂದು ಹನಿ ಮೂಡಿತು. ಇನ್ನೊಂದು. ಆಮೇಲೆ ಏನೂ ಇಲ್ಲ. ಅನಿಲ ಮುಂದೆ ಹೋಗುತ್ತಲೇ ಇಲ್ಲ. ಎಲ್ಲ ಆರಿಸಿ, ತಣಿಸಿ, ಕೊಳವೆ ಬಿಚ್ಚಿ ತಟ್ಟಿದೆ. ಒಳಗಿದ್ದ ಮಸಿಯೆಲ್ಲ ನನ್ನ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ!

ನಗು ನಿಂತ ಮೇಲೆ ಒಬ್ಬ ಹುಡುಗಿ ಎದ್ದಳು. "ಯಾಕೆ ನಿಂತೋಯ್ತು ಸರ್?"

"ಕೆಲಸ ಮಾಡೋದು ಕಬ್ಬಿಣ. ಹುಟ್ಟಿದ ಮಸಿ ಅದರ ಮೇಲೇ ಕೂತು ಉಸಿರು ಕಟ್ಟಿಸುತ್ತೆ. ಮಸಿ ತೆಗೀತಾ ತೆಗೀತಾ ಕೆಲಸ ನಡೆಸೋದು ಹೇಗೆ ಅನ್ನೋದೇ ದೊಡ್ಡ ತಲೆನೋವು."

"ನಿಮಗೆ ಗೊತ್ತಾ?"

ಇಷ್ಟು ವರ್ಷ ಬೋರ್ಡಿನ ಮೇಲೆ ಒಂದು ಬಾಣದ ಗುರುತು ಎಳೆದು ಮುಗಿಸುತ್ತಿದ್ದ ಸಂಗತಿ. ಬಾಣದ ಆಚೆಗೆ ಇಷ್ಟೊಂದು ಮಸಿ ಇದೆಯೆಂದು ಯಾರಿಗೆ ಹೇಳಿದ್ದೆ? "ಗೊತ್ತಿಲ್ಲಮ್ಮ" ಅಂದೆ.

"ಹಾಗಾದ್ರೆ ನಾವು ಮಾಡೋಕೆ ಇನ್ನೂ ಏನೋ ಉಳಿದಿದೆ!" ಅಂದಳು ಪಕ್ಕದವಳಿಗೆ.

ಆ ವಾರವೇ ಅವರಿಬ್ಬರೂ ಕೆಮಿಸ್ಟ್ರಿಗೆ ಸೇರಿದರು. ಅವರ ಹಿಂದೆ ಇನ್ನಷ್ಟು ಮಕ್ಕಳು. ವಿಭಾಗ ಉಳಿಯಿತು. ಪ್ರಿನ್ಸಿಪಾಲರು ಸ್ವತಃ ಫೋನ್ ಮಾಡಿದರು.

"ಸರ್, ಮುಂದಿನ ವರ್ಷವೂ ನೀವೇ ಬರಬೇಕು."

"ಖಂಡಿತ. ಅಷ್ಟರಲ್ಲಿ ಆ ಕೊಳವೆ ಸರಿಮಾಡಿಸಿರ್ತೀನಿ."

ಆ ಕಡೆ ಗಾಬರಿ. "ಅಯ್ಯೋ ಬೇಡ ಸರ್! ದಯವಿಟ್ಟು ಅದನ್ನ ಹಾಗೇ ತನ್ನಿ!"